ಕೀರಲು ದನಿ ಬೇಡ: ಸ್ವಾಮಿಯನ್ನು ರಂಗಕ್ಕೆ ತಂದ ಅನುಭವ

ಇಪ್ಪತ್ತೆರಡು ವರ್ಷದವರಿಗೆ ಹತ್ತು ವರ್ಷದ ಹುಡುಗರ ಪಾತ್ರ ಕೊಟ್ಟರೆ ಏನಾಗುತ್ತದೆ ಅನ್ನುವುದು ನಾಟಕ ಮಾಡಿಸಿದವರಿಗೆಲ್ಲ ಗೊತ್ತು. ದನಿ ಕೀರಲಾಗುತ್ತದೆ, ಬೆರಳು ಬಾಯಿಗೆ ಹೋಗುತ್ತದೆ, ನೆಟ್ಟಗೆ ನಡೆಯುತ್ತಿದ್ದವರು ಕುಪ್ಪಳಿಸತೊಡಗುತ್ತಾರೆ. ಚಡ್ಡಿ ಹಾಕಿಕೊಂಡು ತೋಳಿನಲ್ಲಿ ಮೂಗು ಒರೆಸಿಕೊಂಡರೆ ಪ್ರೇಕ್ಷಕರು ನಗುವುದೂ ನಿಜ. ಐದು ನಿಮಿಷ ನಗುತ್ತಾರೆ, ಆಮೇಲೆ ಮೊಬೈಲ್ ತೆಗೆಯುತ್ತಾರೆ. ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯನ್ನು ನಮ್ಮ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳಿಂದ ಕನ್ನಡದಲ್ಲಿ ಆಡಿಸಲು ಒಪ್ಪಿಕೊಂಡಾಗ ನನ್ನ ಮೊದಲ ಚಿಂತೆ ಇದೇ ಆಗಿತ್ತು. ನೂರು ನಿಮಿಷದ ಆ ನಾಟಕದಲ್ಲಿ ನಾವು ಮಾಡಿಕೊಂಡ ಹೆಚ್ಚುಕಮ್ಮಿ ಎಲ್ಲ ತೀರ್ಮಾನಗಳೂ, ಬೆಂಚಿನ ಎತ್ತರ ಕೂಡ, ಈ ಒಂದು ಚಿಂತೆಯಿಂದ ಹುಟ್ಟಿದವು.

ಕಾದಂಬರಿ ಓದಿದವರಿಗೆ ನೆನಪಿರಬಹುದು. ಸ್ವಾಮಿನಾಥನ್ ಒಂದು ಸಲವೂ ತನ್ನನ್ನು ಪುಟ್ಟ ಹುಡುಗ ಎಂದುಕೊಳ್ಳುವುದಿಲ್ಲ. ಸೋಮವಾರದ ಬೆಳಗು ಅವನಿಗೆ ನಿಜವಾಗಲೂ ದೊಡ್ಡ ಕಂಟಕ. ಪೊಲೀಸ್ ಸಾಹೇಬರ ಮಗ ರಾಜಂ ಮಾತು ಬಿಟ್ಟರೆ ಲೋಕವೇ ಮುಳುಗುತ್ತದೆ. ನಗುವವರು ನಾರಾಯಣ್, ಅದೂ ಅವನ ಬೆನ್ನ ಹಿಂದೆ ನಿಂತು, ಅವನಿಗೆ ಕೇಳಿಸದ ಹಾಗೆ. ಹುಡುಗನ ಗಾಂಭೀರ್ಯಕ್ಕೂ ಕತೆ ಹೇಳುವವರ ಮುಗುಳ್ನಗೆಗೂ ನಡುವೆ ಇರುವ ಅಂತರವೇ ಈ ಪುಸ್ತಕ. ನಟ ತಾನೇ ಹುಡುಗಾಟಕ್ಕೆ ಇಳಿದುಬಿಟ್ಟರೆ ಆ ಅಂತರ ಮುಚ್ಚಿಹೋಗುತ್ತದೆ. ಹಾಗಾಗಿ ಮೊದಲ ದಿನವೇ ಹೇಳಿದೆ: ಯಾರೂ ಮಗುವಿನ ಹಾಗೆ ಆಡಬೇಡಿ, ಮಗುವಿಗೆ ಇರುವ ಕಷ್ಟವನ್ನು ಆಡಿ. ಹೇಳುವುದು ಸುಲಭ. ಅದನ್ನು ಮೈಗೆ ಹತ್ತಿಸುವುದಕ್ಕೆ ತಾಲೀಮಿನ ಮುಕ್ಕಾಲು ಪಾಲು ಹಿಡಿಯಿತು.

ಅದಕ್ಕೂ ಮೊದಲು ಇನ್ನೊಂದು ಸ್ವಾಮಿಯ ಜೊತೆ ಗುದ್ದಾಡಬೇಕಿತ್ತು. ಕನ್ನಡದ ಪ್ರೇಕ್ಷಕರ ಕಣ್ಣೊಳಗೆ ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿ ಆಗಲೇ ಕೂತಿದೆ. ಮಾಸ್ಟರ್ ಮಂಜುನಾಥ್ ಮುಖ, ಅಪ್ಪನಾಗಿ ಗಿರೀಶ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಆಗುಂಬೆಯ ಮಳೆ, ಎಲ್. ವೈದ್ಯನಾಥನ್ ಅವರ ಆ ರಾಗ. 1987ರಲ್ಲಿ ದೂರದರ್ಶನದ ಮುಂದೆ ಕೂತಿದ್ದವರ ಮಾತು ಬಿಡಿ, ಆಮೇಲೆ ಹುಟ್ಟಿದ ನಮ್ಮ ಹುಡುಗರೂ ಅದನ್ನು ಯೂಟ್ಯೂಬಿನಲ್ಲಿ ನೋಡಿಕೊಂಡೇ ಬಂದಿದ್ದರು. ಮೊದಲ ಓದಿಗೆ ಬಂದ ಪ್ರತಿಯೊಬ್ಬರೂ ಆ ರಾಗ ಗುನುಗುತ್ತಲೇ ಒಳಗೆ ಕಾಲಿಟ್ಟರು. ಅದನ್ನು ಸಂಗೀತದಲ್ಲಿ ಬಳಸೋಣ ಎಂದು ಒತ್ತಾಯವೂ ಬಂತು. ಬೇಡವೆಂದೆ. ಆ ರಾಗ ಕೇಳಿದ ಕ್ಷಣ ಜನ ನಮ್ಮ ಸ್ವಾಮಿಯನ್ನು ನೋಡುವುದು ಬಿಟ್ಟು ತಮ್ಮ ಬಾಲ್ಯ ನೋಡಿಕೊಳ್ಳುತ್ತಾರೆ. ಅದು ಅವರಿಗೆ ಸುಖ, ನಮಗೆ ನಷ್ಟ.

ಸೂತ್ರಧಾರನ ವಿಷಯದಲ್ಲೂ ಇದೇ ತಾಪತ್ರಯ. ಮುದುಕನಾದ ಸ್ವಾಮಿ ಆರಾಮ ಕುರ್ಚಿಯಲ್ಲಿ ಕೂತು ‘ಆ ಕಾಲದಲ್ಲಿ ನಾವು...’ ಎಂದು ನೆನೆಯುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಒಂದು ವಾರ ಅದನ್ನು ಮಾಡಿಯೂ ನೋಡಿದೆವು. ಮುದುಕ ಬಾಯಿ ತೆರೆದನೆಂದರೆ ಹುಡುಗನ ಸಂಕಟಕ್ಕೆಲ್ಲ ಜೇನು ಸವರಿದ ಹಾಗಾಗುತ್ತಿತ್ತು. ‘ಪಾಪ, ಚಿಕ್ಕವನಿದ್ದೆ’ ಎಂದು ಹೇಳುವವನೊಬ್ಬ ರಂಗದ ಮೇಲಿದ್ದರೆ ಹುಡುಗನ ಅಳು ಯಾರಿಗೂ ತಾಕುವುದಿಲ್ಲ. ನಾರಾಯಣರ ಕತೆಗಾರ ಮುದಿ ಸ್ವಾಮಿಯಲ್ಲ, ಹಂಬಲಿಸುವವನೂ ಅಲ್ಲ. ನಡೆದದ್ದನ್ನು ನಡೆದ ಹಾಗೆ ನೆಟ್ಟಗೆ ಹೇಳುತ್ತಾನೆ, ಅಷ್ಟೆ.

ಕೊನೆಗೆ ದಾರಿ ಸಿಕ್ಕಿದ್ದು ರಂಗನಿರ್ದೇಶಕ ದೇವೇಂದ್ರ ರಾಜ್ ಅಂಕುರ್ ಅವರಿಂದ. ಅವರು 1975ರಿಂದ ಹಿಂದಿಯಲ್ಲಿ ‘ಕಹಾನಿ ಕಾ ರಂಗಮಂಚ್’ ಎಂದು ನಡೆಸಿಕೊಂಡು ಬಂದ ಪದ್ಧತಿ ಇದೆಯಲ್ಲ, ಕತೆಯನ್ನು ನಾಟಕವಾಗಿ ತಿದ್ದದೆ, ಅದರ ನಿರೂಪಣೆಯನ್ನೂ ನಟರ ಬಾಯಲ್ಲೇ ಇಡುವುದು. ಅದನ್ನು ಪೂರ್ತಿ ತೆಗೆದುಕೊಳ್ಳಲಿಲ್ಲ, ಒಂದು ಎಳೆ ಮಾತ್ರ ತೆಗೆದುಕೊಂಡೆವು. ಪ್ರತಿ ಪಾತ್ರವೂ ತನ್ನ ಬಗ್ಗೆ ತಾನೇ ‘ಅವನು’ ಎಂದು ಹೇಳಿಕೊಳ್ಳಬಹುದು. ಸ್ವಾಮಿ ಹಾಸಿಗೆಯಲ್ಲಿ ಎದ್ದು ಕೂತು ಪ್ರೇಕ್ಷಕರಿಗೆ ಹೇಳುತ್ತಾನೆ: ‘ಸ್ವಾಮಿ ಇವತ್ತು ಕಣ್ಣು ಬಿಡೋದಿಲ್ಲ ಅಂತ ತೀರ್ಮಾನ ಮಾಡಿದ. ಕಣ್ಣು ಬಿಟ್ಟರೆ ಸೋಮವಾರ ಒಳಗೆ ಬಂದುಬಿಡುತ್ತೆ.’ ಹೇಳಿ ಮುಗಿಸಿ ಮತ್ತೆ ಮುಸುಕು ಎಳೆದುಕೊಳ್ಳುತ್ತಾನೆ. ಮುಖದಲ್ಲಿ ನಗು ಇಲ್ಲ, ಕಣ್ಣು ಮಿಟುಕಿಸುವುದಿಲ್ಲ. ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಹಾಗೆ ಹೇಳಬೇಕು ಎಂದಿದ್ದೆ. ನಗುವ ಕೆಲಸ ಪ್ರೇಕ್ಷಕರಿಗೆ ಬಿಟ್ಟದ್ದು. ಅವರು ಅದನ್ನು ನಮಗಿಂತ ಚೆನ್ನಾಗಿ ಮಾಡಿದರು.

ಇನ್ನು ಕತ್ತರಿಸುವ ಕೆಲಸ. ಕಾದಂಬರಿಯಿಂದ ನಾಟಕ ಕಟ್ಟುವುದಕ್ಕೆ ನಮ್ಮಲ್ಲಿ ದೊಡ್ಡ ದೊಡ್ಡ ಮಾದರಿಗಳಿವೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 2010ರಲ್ಲಿ ರಂಗಾಯಣದಲ್ಲಿ ರಾತ್ರಿಯಿಡೀ, ಒಂಬತ್ತು ಗಂಟೆ ನಡೆಯಿತು. ಅದು ಬಯಲು, ಹಲವು ರಂಗಗಳು, ದೊಡ್ಡ ಪಡೆ. ನಮ್ಮದು ಹಾಸ್ಟೆಲ್ ಗೇಟು ಹಾಕುವುದರೊಳಗೆ ಮುಗಿಯಬೇಕಾದ ತಾಲೀಮು, ಯುವಜನೋತ್ಸವದ ಮೂವತ್ತು ನಿಮಿಷದ ಏಕಾಂಕಕ್ಕೆ ಒಗ್ಗಿದ ನಟರು. ಹತ್ತೊಂಬತ್ತು ಅಧ್ಯಾಯಗಳನ್ನೂ ತುರುಕಲು ಹೋದರೆ ಒಂದೂ ನಿಲ್ಲುವುದಿಲ್ಲ.

ಈ ಪುಸ್ತಕ ಬಿಡಿ ಬಿಡಿ ಪ್ರಸಂಗಗಳ ಮಾಲೆ, ಎಲ್ಲಿ ಬೇಕಾದರೂ ಕತ್ತರಿಸಬಹುದು ಎಂಬ ಅಭಿಪ್ರಾಯ ಇದೆ. ಮೊದಲರ್ಧಕ್ಕೆ ಆ ಮಾತು ಸಲ್ಲುತ್ತದೆ. ಎರಡನೆಯ ಅರ್ಧವನ್ನು ಗೋಡೆಯ ಮೇಲೆ ಚೀಟಿ ಅಂಟಿಸಿ ನೋಡಿದಾಗ ಬೇರೆಯೇ ಕಂಡಿತು. ಚಳವಳಿಯ ದಿನ ಸ್ವಾಮಿ ಆಲ್ಬರ್ಟ್ ಮಿಷನ್ ಶಾಲೆಯ ಗಾಜು ಒಡೆಯುತ್ತಾನೆ. ಅದಕ್ಕೇ ಅವನು ಬೋರ್ಡ್ ಹೈಸ್ಕೂಲಿಗೆ ಹೋಗುವಂತಾಗುತ್ತದೆ. ಅಲ್ಲಿ ಸಂಜೆ ಡ್ರಿಲ್ ಕ್ಲಾಸು, ಅದೇ ಹೊತ್ತಿಗೆ ರಾಜಂ ಕಟ್ಟಿದ ಎಂ.ಸಿ.ಸಿ. ತಂಡದ ಕ್ರಿಕೆಟ್ ಪ್ರಾಕ್ಟೀಸು. ಡ್ರಿಲ್ ತಪ್ಪಿಸಿಕೊಳ್ಳಲು ಡಾಕ್ಟರ ಸರ್ಟಿಫಿಕೇಟಿಗೆ ಹೋಗುತ್ತಾನೆ, ಅದು ಕೈ ಕೊಡುತ್ತದೆ. ಹೆಡ್‌ಮಾಸ್ಟರು ಬೆತ್ತ ಎತ್ತುತ್ತಾರೆ, ಇವನು ಬೆತ್ತ ಕಸಿದು ಕಿಟಕಿಯಾಚೆ ಎಸೆದು ಓಡುತ್ತಾನೆ. ಊರು ಬಿಟ್ಟು ಓಡಿದವನು ಮೆಂಪಿ ಕಾಡಿನ ಕಡೆ ದಾರಿ ತಪ್ಪುತ್ತಾನೆ. ಸಿಕ್ಕಿ ವಾಪಸ್ ಬರುವಷ್ಟರಲ್ಲಿ ವೈ.ಎಂ.ಯು. ತಂಡದ ಜೊತೆಗಿನ ಮ್ಯಾಚು ಮುಗಿದಿರುತ್ತದೆ. ರಾಜಂ ಮಾತು ಬಿಡುತ್ತಾನೆ. ಆಮೇಲೆ ಅವನ ಅಪ್ಪನಿಗೆ ವರ್ಗವಾಗಿ ಊರೇ ಬಿಡುತ್ತಾನೆ. ಒಂದು ಕಲ್ಲು ಬೀರಿದ್ದರಿಂದ ರೈಲ್ವೆ ಸ್ಟೇಷನ್ನಿನವರೆಗೆ ಒಂದೇ ಸರಪಳಿ. ಇದರಲ್ಲಿ ಯಾವ ಕೊಂಡಿ ತೆಗೆದರೂ ಕೊನೆ ಬೀಳುತ್ತದೆ.

ಹಾಗಾಗಿ ನಿಯಮ ಒಂದೇ ಇಟ್ಟುಕೊಂಡೆ: ಸ್ವಾಮಿ ಮತ್ತು ರಾಜಂ ನಡುವಿನ ದಾರಕ್ಕೆ ತಾಕುವುದು ಉಳಿಯುತ್ತದೆ, ತಾಕದ್ದು ಹೋಗುತ್ತದೆ. ಚಕ್ರ ಕೊಡಿಸುತ್ತೇನೆಂದು ಕಾಸು ಲಪಟಾಯಿಸುವ ಗಾಡಿಯವನು ಹೋದ. ತಮ್ಮ ಹುಟ್ಟುವ ಪ್ರಸಂಗ ಹೋಯಿತು. ಎಬೆನೆಜರ್ ಮಾಸ್ತರರ ಬೈಬಲ್ ಪಾಠ ಎರಡೇ ನಿಮಿಷಕ್ಕೆ ಇಳಿಯಿತು. ಅಜ್ಜಿ ಮಾತ್ರ ನಿಯಮಕ್ಕೆ ಹೊರತಾಗಿ ಉಳಿದಳು. ರಾಜಂ ಎಷ್ಟು ದೊಡ್ಡವನು ಎಂದು ಸ್ವಾಮಿ ಹೇಳಿಕೊಳ್ಳುವುದು ಅವಳ ಹತ್ತಿರವೇ ತಾನೆ ಎಂದು ಸಮಜಾಯಿಷಿ ಕೊಟ್ಟೆ. ನಿಜ ಹೇಳಬೇಕೆಂದರೆ ಅಜ್ಜಿಯ ಪಾತ್ರಕ್ಕೆ ಸಿಕ್ಕ ಇತಿಹಾಸ ವಿಭಾಗದ ಹುಡುಗ ಅಷ್ಟು ಚೆನ್ನಾಗಿ ಮಾಡುತ್ತಿದ್ದ, ಬಿಡಲು ಮನಸ್ಸು ಬರಲಿಲ್ಲ.

ಹೌದು, ಅಜ್ಜಿ ಹುಡುಗ, ಸ್ವಾಮಿ ಹುಡುಗಿ. ಆಯ್ಕೆಗೆ ಬಂದವರಲ್ಲಿ ಹುಡುಗಿಯರೇ ಹೆಚ್ಚು, ಕಾದಂಬರಿಯಲ್ಲಿ ಹೆಣ್ಣು ಪಾತ್ರ ಅಂದರೆ ಅಮ್ಮ ಮತ್ತು ಅಜ್ಜಿ. ಹುಡುಗಿಯರನ್ನು ವೇಷಭೂಷಣಕ್ಕೆ, ಟೀ ಹಂಚುವುದಕ್ಕೆ ಕಳಿಸಿ ಹುಡುಗರಿಂದ ನಾಟಕ ಆಡಿಸುವ ಕಾಲ ಹೋಯಿತು. ಸ್ವಾಮಿಯ ಪಾತ್ರಕ್ಕೆ ಬಂದವಳು ಸಂಖ್ಯಾಶಾಸ್ತ್ರ ಓದುತ್ತಿದ್ದ ಹುಡುಗಿ. ಅವಳನ್ನು ಆರಿಸಿದ್ದಕ್ಕೆ ಕಾರಣ ದನಿ ತೆಳ್ಳಗಿದೆ ಎಂದಲ್ಲ. ಸುಮ್ಮನೆ ನಿಲ್ಲುವುದಕ್ಕೆ ಅವಳಿಗೆ ಬರುತ್ತಿತ್ತು. ಬೈಸಿಕೊಳ್ಳುವ ದೃಶ್ಯ ಕೊಟ್ಟಾಗ ಉಳಿದವರೆಲ್ಲ ತಲೆ ತಗ್ಗಿಸಿ ಕಾಲ್ಬೆರಳಿನಲ್ಲಿ ನೆಲ ಕೆರೆದರೆ, ಇವಳು ಬೈಯುವವನ ಅಂಗಿಯ ಗುಂಡಿಯನ್ನೇ ನೋಡುತ್ತ ನಿಂತಳು. ಹತ್ತು ವರ್ಷದವರ ಕಣ್ಣಿನ ಮಟ್ಟಕ್ಕೆ ಬರುವುದು ಗುಂಡಿಯೇ.

ಅಲ್ಲಿಂದಲೇ ಬೆಂಚಿನ ಉಪಾಯ ಬಂತು. ರಂಗಸಜ್ಜಿಕೆಗೆ ದುಡ್ಡು ಇರಲಿಲ್ಲ. ಉಗ್ರಾಣದಲ್ಲಿ ಹಳೆಯ ಮರದ ಉದ್ದ ಬೆಂಚುಗಳು ಬಿದ್ದಿದ್ದವು. ಸಾಮಾನ್ಯ ಬೆಂಚು ಹದಿನೆಂಟು ಅಂಗುಲದ ಆಸುಪಾಸು ಇರುತ್ತದೆ. ಬಡಗಿಯಿಂದ ಅವುಗಳ ಕಾಲಿಗೆ ಹೆಚ್ಚುವರಿ ತುಂಡು ಜೋಡಿಸಿ ಇಪ್ಪತ್ತೆಂಟು ಅಂಗುಲಕ್ಕೆ ಏರಿಸಿದೆವು. ಐದೂವರೆ ಅಡಿಯವರು ಕೂತರೂ ಪಾದ ನೆಲಕ್ಕೆ ಮುಟ್ಟುವುದಿಲ್ಲ, ಕಾಲು ಜೋಲಾಡುತ್ತದೆ. ಅಪ್ಪನ ಮೇಜು ಎದೆಮಟ್ಟ. ಹೆಡ್‌ಮಾಸ್ಟರ ಕುರ್ಚಿಗೆ ಒಂದು ಮೆಟ್ಟಿಲು. ಇಷ್ಟಾದ ಮೇಲೆ ಯಾರೂ ಚಿಕ್ಕವರ ಹಾಗೆ ನಟಿಸಬೇಕಾದ ಅಗತ್ಯವೇ ಬೀಳಲಿಲ್ಲ. ಬೆಂಚು ಹತ್ತುವುದಕ್ಕೆ ಅವರು ಕೈಯೂರಿ, ಮೊಣಕಾಲು ಮಡಚಿ, ಸ್ವಲ್ಪ ಒದ್ದಾಡಲೇಬೇಕು. ಮೈಗೆ ಬಾಲ್ಯ ಬಂದದ್ದು ಆ ಒದ್ದಾಟದಿಂದ. ಅವೇ ಬೆಂಚುಗಳು ತರಗತಿಯಾದವು, ನಲ್ಲಪ್ಪನ ತೋಪಾದವು, ಎತ್ತಿನ ಗಾಡಿಯಾದವು, ಕೊನೆಗೆ ರೈಲೂ ಆದವು.

ಅಪ್ಪ ಲೆಕ್ಕ ಹೇಳಿಕೊಡುವ ದೃಶ್ಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಾಟಕದ ಹದ ನಮಗೆ ಸಿಕ್ಕಿದ್ದು ಅಲ್ಲಿ. ರಜೆಯ ದಿನ ಅಪ್ಪ ಸ್ವಾಮಿಯನ್ನು ಕೂರಿಸಿ ಲೆಕ್ಕ ಕೊಡುತ್ತಾರೆ. ರಾಮನ ಹತ್ತಿರ ಹತ್ತು ಮಾವಿನ ಹಣ್ಣು, ಅವುಗಳಿಂದ ಹದಿನೈದು ಆಣೆ ಸಂಪಾದಿಸಬೇಕು ಅವನಿಗೆ. ಕೃಷ್ಣನಿಗೆ ನಾಲ್ಕೇ ಹಣ್ಣು ಬೇಕು. ಕೃಷ್ಣ ಎಷ್ಟು ಕೊಡಬೇಕು? ಸ್ವಾಮಿ ತುಂಬ ಹೊತ್ತು ಯೋಚಿಸಿ, ಹಣ್ಣು ಮಾಗಿದ್ದವಾ ಎಂದು ಕೇಳುತ್ತಾನೆ.

ಮೊದಲ ತಾಲೀಮಿನಲ್ಲಿ ಈ ಪ್ರಶ್ನೆಗೆ ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದರು. ನಟಿಯೂ ಅದನ್ನು ಜೋಕಿನ ಹಾಗೆಯೇ ಹೇಳಿದ್ದಳು, ತಲೆ ಓರೆ ಮಾಡಿ, ಮುದ್ದು ಮುದ್ದಾಗಿ. ಎರಡನೆಯ ದಿನ ನಗು ಅರ್ಧವಾಯಿತು, ಮೂರನೆಯ ದಿನ ಇಲ್ಲವೇ ಇಲ್ಲ. ಆಗ ಅವಳನ್ನು ಕೇಳಿದೆ, ಈ ಪ್ರಶ್ನೆ ನಿನಗೆ ಯಾಕೆ ಬೇಕು? ಸ್ವಲ್ಪ ಯೋಚಿಸಿ ಅಂದಳು: ‘ಸರ್, ಇದು ಸರಿಯಾದ ಪ್ರಶ್ನೆನೇ. ಡೇಟಾ ಸಾಲದು. ಹಣ್ಣಿಗೊಂದು ರೇಟು, ಕಾಯಿಗೊಂದು ರೇಟು ಇರುತ್ತಲ್ವಾ? ಮಾರ್ಕೆಟ್ಟಲ್ಲಿ ಯಾರಾದ್ರೂ ಹಣ್ಣು ಮುಟ್ಟಿ ನೋಡದೆ ದುಡ್ಡು ಕೊಡ್ತಾರಾ?’ ಹಾಗಾದರೆ ಹಾಗೆಯೇ ಕೇಳು ಎಂದೆ. ಅಪ್ಪ ಹೇಳಲು ಮರೆತ ಒಂದು ಅಂಶ ಇದೆ, ಅದು ಗೊತ್ತಾದರೆ ಲೆಕ್ಕ ಬಿಡಿಸಿಬಿಡುತ್ತೀಯ, ಅದಕ್ಕೆ ಕೇಳುತ್ತಿದ್ದೀಯ.

ಅವಳು ಸ್ಲೇಟು ಕೆಳಗಿಟ್ಟಳು. ಬೆಂಚಿನ ಮೇಲೆ ಕೂತಲ್ಲೇ ಸ್ವಲ್ಪ ಮುಂದೆ ಸರಿದಳು. ತೀರ ತಗ್ಗಿದ ದನಿಯಲ್ಲಿ, ವಕೀಲರು ಕಕ್ಷಿದಾರನನ್ನು ವಿಚಾರಿಸುವ ಹಾಗೆ ಕೇಳಿದಳು: ‘ಅಪ್ಪ, ಹಣ್ಣು... ಮಾಗಿದ್ವಾ?’ ಅಪ್ಪನ ಪಾತ್ರಧಾರಿ ತುಟಿ ಕಚ್ಚಿಕೊಂಡ. ಅದು ನಟನೆಯೋ ನಿಜವಾಗಿ ನಗು ಬಂತೋ ನನಗೆ ಇವತ್ತಿಗೂ ಸಂಶಯ. ಪುಸ್ತಕದಲ್ಲೂ ಅಪ್ಪ ನಗು ಅದುಮಿಕೊಂಡು, ಮೊದಲು ಲೆಕ್ಕ ಮಾಡು, ಹಣ್ಣಿನ ವಿಷಯ ಆಮೇಲೆ ಹೇಳುತ್ತೇನೆ ಎನ್ನುತ್ತಾರೆ. ನಮ್ಮ ಅಪ್ಪ ಪ್ರೇಕ್ಷಕರತ್ತ ತಿರುಗಿ, ‘ಅಪ್ಪನಿಗೆ ನಗು ಬಂತು. ಆದರೆ ಲೆಕ್ಕದ ಹೊತ್ತಿನಲ್ಲಿ ಅಪ್ಪ ನಗೋ ಹಾಗಿಲ್ಲ’ ಎಂದು ವರದಿ ಒಪ್ಪಿಸಿ ಮತ್ತೆ ಗಂಟು ಮುಖ ಹಾಕಿಕೊಂಡ. ಸ್ವಾಮಿ ಕೊನೆಗೆ ಅಳುತ್ತಾನೆ. ಉತ್ತರ ಆರು ಆಣೆ. ಪ್ರತಿ ಪ್ರದರ್ಶನದಲ್ಲೂ ಸಭೆಯಲ್ಲಿ ಯಾರೋ ಒಬ್ಬರು ಅವನಿಗಿಂತ ಮೊದಲೇ ‘ಆರು’ ಎಂದು ಗೊಣಗುತ್ತಿದ್ದುದು ನೇಪಥ್ಯಕ್ಕೂ ಕೇಳುತ್ತಿತ್ತು.

ಮಾತಿನ ಧಾಟಿಗೆ ಬಂದರೆ, ಇಂಗ್ಲಿಷ್ ಪಠ್ಯದಿಂದ ನೇರ ಕನ್ನಡ ಬರೆದುಕೊಂಡು ಕಂಠಪಾಠ ಮಾಡಿಸಲಿಲ್ಲ. ಪ್ರಸಂಗ ಓದುವುದು, ಪುಸ್ತಕ ಮುಚ್ಚುವುದು, ಆಡಿ ನೋಡುವುದು, ಆಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ರಾತ್ರಿ ಕೂತು ಬರೆದುಕೊಳ್ಳುವುದು. ಹೀಗೆ ಬಂದ ಸಂಭಾಷಣೆಗೆ ಆಯಾ ನಟರ ಊರಿನ ವಾಸನೆ ಹತ್ತಿಕೊಂಡಿತ್ತು. ಸ್ವಾಮಿಯ ಗೆಳೆಯ ಮಣಿಯ ಪಾತ್ರಧಾರಿ ಮಂಡ್ಯ ಕಡೆಯವನು. ಕೈಯಲ್ಲಿ ದೊಣ್ಣೆ ಹಿಡಿದು ‘ಯಾವನ್ಲಾ ಅವ್ನು ರಾಜಂ? ಹೊಳೆಗೆ ಎತ್ತಾಕ್ಬುಡ್ತೀನಿ’ ಎಂದನೆಂದರೆ ಸಾಕು, ಮಣಿ ಎದ್ದು ಬಂದ ಹಾಗೆ. ಅದನ್ನು ಹಾಗೆಯೇ ಉಳಿಸಿಕೊಂಡೆ. ರಾಜಂಗೆ ಮಾತ್ರ ಬೇರೆ ಏರ್ಪಾಡು. ಅವನು ಮದರಾಸಿನ ದೊಡ್ಡ ಶಾಲೆಯಿಂದ ಬಂದವನು, ಅವನ ಇಂಗ್ಲಿಷಿಗೆ ತರಗತಿಯೇ ಬೆರಗಾಗುತ್ತದೆ. ನಾವು ಅವನ ಬಾಯಿಗೆ ಇಂಗ್ಲಿಷ್ ತುರುಕಲಿಲ್ಲ. ಕ್ರಿಯಾಪದ ಪೂರ್ತಿ ಉಚ್ಚರಿಸುವ, ವಾಕ್ಯ ಅರ್ಧಕ್ಕೆ ಬಿಡದ ಪುಸ್ತಕದ ಕನ್ನಡ ಕೊಟ್ಟೆವು. ‘ನೀನು ನನ್ನ ಮನೆಗೆ ಬರಬಹುದು. ನಾಲ್ಕು ಗಂಟೆಗೆ ಬಾ.’ ಉಳಿದವರು ಅಕ್ಷರ ನುಂಗುತ್ತ ಮಾತಾಡುವಾಗ ಇವನೊಬ್ಬ ಹೀಗೆ ಮಾತಾಡಿದರೆ, ಅಧಿಕಾರ ಯಾರದು ಎಂದು ಬೇರೆ ಹೇಳಬೇಕಾಗಿಲ್ಲ. ಮಜವೆಂದರೆ, ಕೆಲವು ದೃಶ್ಯ ಕಳೆಯುವಷ್ಟರಲ್ಲಿ ಸ್ವಾಮಿಯೂ ಹಾಗೆ ಮಾತಾಡಲು ಹೆಣಗುತ್ತಾನೆ. ಉಳಿದವರು ಅವನನ್ನು ‘ಬಾಲ’ ಎಂದು ಹಂಗಿಸುವ ದೃಶ್ಯಕ್ಕೆ ನೆಲ ಸಿದ್ಧವಾಗುವುದು ಅಲ್ಲಿ.

ಮೈಸೂರಿನವರಾದ ನಮಗೆ ಇನ್ನೊಂದು ಆಸೆ ಬಿಡಿಸಿಕೊಳ್ಳಬೇಕಾಗಿ ಬಂತು. ನಾರಾಯಣ್ ಓದಿದ್ದು ಇಲ್ಲಿನ ಮಹಾರಾಜಾ ಕಾಲೇಜಿನಲ್ಲಿ, ಯಾದವಗಿರಿಯ ಮನೆ ಈಗ ವಸ್ತುಸಂಗ್ರಹಾಲಯ. ಕಾದಂಬರಿಯ ಕಾಲ್ಪನಿಕ ಊರು ಮಾಲ್ಗುಡಿ ನಮ್ಮದೇ ಎನ್ನುವ ಹಕ್ಕು ಇಲ್ಲಿನ ಆಟೋದವರಿಗೂ ಇದೆ. ಹಿನ್ನೆಲೆಯಲ್ಲಿ ಚಾಮುಂಡಿ ಬೆಟ್ಟ ಬಿಡಿಸೋಣ, ಸರಯೂ ನದಿಯ ಬದಲು ಕುಕ್ಕರಹಳ್ಳಿ ಕೆರೆ ಮಾಡೋಣ ಎಂದೆಲ್ಲ ಸಲಹೆ ಬಂದವು. ತಡೆದದ್ದು ಅಜ್ಜಿಯ ಪಾತ್ರ ಮಾಡುತ್ತಿದ್ದ ಆ ಇತಿಹಾಸದ ಹುಡುಗ. 1930ರಲ್ಲಿ ಮೈಸೂರು ನಾಲ್ವಡಿ ಕೃಷ್ಣರಾಜ ಒಡೆಯರ ಸಂಸ್ಥಾನ. ಕಾದಂಬರಿಯ ಊರು ನೇರ ಬ್ರಿಟಿಷರ ಆಡಳಿತದ ಊರು. ರಾಜಂ ಬರುವುದು ಮದರಾಸಿನಿಂದ, ಅವನ ಅಪ್ಪನಿಗೆ ವರ್ಗವಾಗುವುದು ತಿರುಚಿನಾಪಳ್ಳಿಗೆ, ಮಕ್ಕಳು ಶಾಲೆಯಲ್ಲಿ ಓದುವ ದೇಶಭಾಷೆ ತಮಿಳು. ಆ ಪೊಲೀಸರು ಮಹಾರಾಜರ ಪೊಲೀಸರಾದರೆ ಲಾಠಿ ಏಟಿನ ಅರ್ಥವೇ ಬೇರೆಯಾಗುತ್ತದೆ. ಹುಡುಗನ ವಾದಕ್ಕೆ ಯಾರೂ ಎದುರಾಡಲಿಲ್ಲ. ಹಿಂದಿನ ಪರದೆ ಖಾಲಿ ಬಿಟ್ಟೆವು.

ಆ ಚಳವಳಿಯ ದೃಶ್ಯಕ್ಕೆ ದಿನಾಂಕವೂ ಇದೆ: 1930ರ ಆಗಸ್ಟ್ 15. ಮುಂಬಯಿಯ ರಾಜಕೀಯ ಕಾರ್ಯಕರ್ತ ಗೌರಿಶಂಕರ್ ಬಂಧನ ಖಂಡಿಸಿ ಸರಯೂ ದಂಡೆಯಲ್ಲಿ ಸೇರುವ ಸಭೆ ಅದು. ನಾರಾಯಣ್ ಇದನ್ನು ಬರೆದು ಅಚ್ಚಾಗಿ ಹನ್ನೆರಡು ವರ್ಷ ಕಳೆದ ಮೇಲೆ ಅದೇ ದಿನ ಸ್ವಾತಂತ್ರ್ಯ ಬಂದದ್ದು ಬರೀ ಕಾಕತಾಳೀಯ. ಆದರೆ ರಂಗದ ಮೇಲೆ ‘ಆಗಸ್ಟ್ 15’ ಅಂದ ಕೂಡಲೇ ಸಭಾಂಗಣದಲ್ಲಿ ಬೆನ್ನು ನೆಟ್ಟಗಾಗುತ್ತವೆ. ಇದನ್ನು ದೊಡ್ಡ ದೇಶಭಕ್ತಿಯ ದೃಶ್ಯ ಮಾಡಿ, ಕೊನೆಗೊಂದು ಹಾಡು ಹಾಕಿದರೆ ಚಪ್ಪಾಳೆ ಗ್ಯಾರಂಟಿ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ಗ್ಯಾರಂಟಿ ಹೌದು. ಆದರೆ ಸ್ವಾಮಿಗೆ ಆ ಗಲಾಟೆಯಲ್ಲಿ ದೇಶಕ್ಕಿಂತ ಗಾಜು ಒಡೆಯುವ ಸದ್ದು ಹೆಚ್ಚು ಹಿಡಿಸುತ್ತದೆ. ಭಾಷಣ ಕೇಳಿ ಆವೇಶ ಬಂದು, ವಿಲಾಯಿತಿ ಬಟ್ಟೆಯೆಂದುಕೊಂಡು ತನ್ನ ಟೋಪಿಯನ್ನು ಬೆಂಕಿಗೆ ಎಸೆಯುತ್ತಾನೆ. ಅದು ಖಾದಿಯದೇ ಆಗಿತ್ತೆಂದು ಆಮೇಲೆ ಅಪ್ಪನಿಂದ ಗೊತ್ತಾಗುತ್ತದೆ. ಸಭಾಂಗಣದಲ್ಲಿ ಬೆಂಕಿ ಹಚ್ಚುವಂತಿರಲಿಲ್ಲ. ಕಬ್ಬಿಣದ ಬುಟ್ಟಿಯೊಳಗೆ ಕಿತ್ತಳೆ ಜೆಲ್ ಕಾಗದ ಸುತ್ತಿದ ದೀಪ ಇಟ್ಟು, ಟೋಪಿ ಬಿದ್ದ ಕ್ಷಣಕ್ಕೆ ಡಿಮ್ಮರ್ ಏರಿಸಿದೆವು. ದೃಶ್ಯದ ನಿಜವಾದ ಏಟು ಇರುವುದು ಆಮೇಲೆ. ಗುಂಪಿನ ಎದುರು ನಿಂತು ಲಾಠಿಗೆ ಆಜ್ಞೆ ಕೊಡುವ ಅಧಿಕಾರಿಯ ಮುಖ ಸ್ವಾಮಿಗೆ ಕಾಣಿಸುತ್ತದೆ. ರಾಜಂನ ಅಪ್ಪ. ಅಲ್ಲಿ ನಾನು ಸಂಗೀತ, ಗಲಾಟೆ ಎಲ್ಲ ನಿಲ್ಲಿಸಿ, ಸ್ವಾಮಿ ಆ ಮುಖ ಗುರುತಿಸುವಷ್ಟು ಹೊತ್ತು ಮಾತ್ರ ಬಿಟ್ಟೆ. ದೇಶಭಕ್ತಿಯ ಹಾಡಿಗೆ ಜಾಗ ಉಳಿಯಲಿಲ್ಲ.

ಕ್ರಿಕೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚೆಂಡು ಇಲ್ಲದೆ ಆಡಿದೆವು. ಬ್ಯಾಟಿಗೆ ಬಿದ್ದ ಸದ್ದನ್ನು ಪಕ್ಕದಲ್ಲಿ ಕೂತ ಮೇಳದವನೊಬ್ಬ ಎರಡು ಹಲಗೆ ಕುಟ್ಟಿ ಕೊಡುತ್ತಿದ್ದ. ನಾರಾಯಣ್ ಈ ಕಾದಂಬರಿಗೆ ಮೊದಲು ಇಟ್ಟಿದ್ದ ಹೆಸರು ‘ಸ್ವಾಮಿ, ದಿ ಟೇಟ್’. ಇಂಗ್ಲೆಂಡಿನ ಬೌಲರ್ ಮಾರಿಸ್ ಟೇಟ್ ಹೆಸರು ಗೆಳೆಯರ ಬಳಗದಲ್ಲಿ ಸ್ವಾಮಿಗೆ ಬಿರುದಾಗಿ ಅಂಟುತ್ತದೆ. ಹಸ್ತಪ್ರತಿ ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಹೋದ ಮೇಲೆ, 1935ರಲ್ಲಿ ಅದು ಈಗಿನ ಹೆಸರಿನಿಂದ ಬಂತು. ಈ ಹಳೆಯ ಹೆಸರು ನಟಿಗೆ ತುಂಬ ಸಹಾಯ ಮಾಡಿತು. ಮ್ಯಾಚು ತಪ್ಪಿಸಿಕೊಂಡವನು ಯಾರೋ ಹನ್ನೊಂದನೆಯವನಲ್ಲ, ತಂಡ ನಂಬಿಕೊಂಡಿದ್ದ ಟೇಟ್ ಎಂದು ಅವಳಿಗೆ ಅರ್ಥವಾದದ್ದು ಆಗ. ಕಾಡಿನಿಂದ ಸಿಕ್ಕವನು ತನ್ನ ಮ್ಯಾಚು ಇನ್ನೂ ನಡೆಯಬೇಕಿದೆ ಎಂದೇ ನಂಬಿಕೊಂಡು ಮರಳುವುದನ್ನು ಅವಳು ಮಾಡುತ್ತಿದ್ದ ರೀತಿ ನೋಡಿ ನನಗೇ ಪ್ರತಿ ಸಲ ಹೊಟ್ಟೆ ಕಿವುಚುತ್ತಿತ್ತು.

ಕಾಡಿನ ದೃಶ್ಯ ಅಷ್ಟು ಚೆನ್ನಾಗಿ ಬರಲಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಮೇಳದವರು ಬಾಯಲ್ಲೇ ಜೀರುಂಡೆ, ಗಾಳಿ, ಎಲೆ ಎಲ್ಲ ಮಾಡಿದರು. ನೋಡಿದವರು ಮೆಚ್ಚಿಕೊಂಡರು. ಅದು ಎಲ್ಲ ಕಾಲೇಜು ನಾಟಕದ ಕಾಡಿನ ಹಾಗೆಯೇ ಇತ್ತು, ಇರಲಿ.

ಕೊನೆಯ ಸ್ಟೇಷನ್ ದೃಶ್ಯಕ್ಕೆ ನಾವು ಹೆಚ್ಚು ಜಗಳವಾಡಿದೆವು. ಟಿ.ವಿ.ಯ ಮಾಲ್ಗುಡಿ ಸ್ಟೇಷನ್ ಎಲ್ಲರಿಗೂ ನೆನಪಿದೆ. ಅದನ್ನು ಚಿತ್ರೀಕರಿಸಿದ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದ ಹಳೆಯ ಕಟ್ಟಡವನ್ನು ಈಗ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ನಾವು ಬೋರ್ಡು, ಗಂಟೆ, ಹಸಿರು ಬಾವುಟ ಏನೂ ಇಡಲಿಲ್ಲ. ಎತ್ತರದ ಬೆಂಚುಗಳನ್ನು ಸಾಲಾಗಿ ಜೋಡಿಸಿದರೆ ರೈಲು. ಒಂದರ ಮೇಲೆ ರಾಜಂ, ಉಳಿದವುಗಳ ಮೇಲೆ ಬೆನ್ನು ತೋರಿಸಿ ಕೂತ ಪ್ರಯಾಣಿಕರು. ರೈಲು ಬಿಟ್ಟಾಗ ನಾಲ್ವರು ನಟರು ರಾಜಂ ಕೂತ ಬೆಂಚನ್ನು ಮಾತ್ರ ಎತ್ತಿ ವಿಂಗ್ ಕಡೆ ನಡೆಯುತ್ತಾರೆ, ಮೊದಲು ಮೆಲ್ಲಗೆ, ಆಮೇಲೆ ಬಿರುಸಾಗಿ.

ಸ್ವಾಮಿಯ ಕೈಯಲ್ಲಿ ಒಂದು ಪುಸ್ತಕ ಇರುತ್ತದೆ, ಆಂಡರ್ಸನ್ನನ ಕಿನ್ನರ ಕತೆಗಳು. ಅಪ್ಪ ಕೊಡಿಸಿದ್ದು, ಅದರಲ್ಲಿನ ಕಷ್ಟದ ಇಂಗ್ಲಿಷ್ ಶಬ್ದಗಳಿಂದಾಗಿ ಸ್ವಾಮಿ ಅದನ್ನು ಓದಿಯೇ ಇಲ್ಲ. ತನಗೆ ಓದಲಾಗದ್ದು ರಾಜಂಗೆ ತಕ್ಕದ್ದು ಎಂಬ ಅವನ ಲೆಕ್ಕ ನನಗೆ ತುಂಬ ಇಷ್ಟ. ಪುಸ್ತಕ ನಾಟಕದ ಮಧ್ಯದಲ್ಲೊಮ್ಮೆ ಅಪ್ಪನ ಮೇಜಿನ ಮೇಲೆ ಕಾಣುವ ಹಾಗೆ ಇಟ್ಟಿದ್ದೆವು, ಕೊನೆಗೆ ಎಲ್ಲಿಂದಲೋ ಉದುರಿತು ಎನ್ನಿಸಬಾರದು. ಪರಿಕರದವಳು ಹಳೆಯ ದಪ್ಪ ಬೌಂಡು ಪುಸ್ತಕವೊಂದಕ್ಕೆ ಕಂದು ಕಾಗದ ಹೊದಿಸಿ, ಮೊದಲ ಹಾಳೆಯಲ್ಲಿ ಶಾಯಿಯಿಂದ ‘ನನ್ನ ಪ್ರೀತಿಯ ಗೆಳೆಯ ರಾಜಂಗೆ’ ಎಂದು ಬರೆದಿದ್ದಳು. ಸಭೆಯಲ್ಲಿ ಯಾರಿಗೂ ಕಾಣದು. ರಾಜಂ ಪಾತ್ರಧಾರಿಗೆ ಕಾಣುತ್ತದೆ, ಸಾಕು.

ಜಗಳ ನಡೆದದ್ದು ಇದರ ಬಗ್ಗೆ: ಸ್ವಾಮಿ ರಾಜಂ ಮುಂದೆ ಹೋಗಿ ಪುಸ್ತಕ ಕೊಡಲಾರ, ಬಾಯಿ ಬರುವುದಿಲ್ಲ. ರೈಲು ಹೊರಟ ಮೇಲೆ ಮಣಿ ಅದನ್ನು ಹಿಡಿದು ಓಡಿ ತಲುಪಿಸುತ್ತಾನೆ. ರಾಜಂ ತೆಗೆದುಕೊಳ್ಳುತ್ತಾನೆ, ಕೈ ಬೀಸುತ್ತಾನೆ. ಕ್ಷಮಿಸಿದನೇ? ಕಾಗದ ಬರೆಯುತ್ತಾನೆಯೇ, ವಿಳಾಸ ಗೊತ್ತಿದೆಯೇ ಎಂದು ಸ್ವಾಮಿ ಕೇಳಿದರೆ, ತನ್ನಿಂದ ಬರೆದುಕೊಂಡಿದ್ದಾನೆ ಎನ್ನುತ್ತಾನೆ ಮಣಿ. ಅದು ನಿಜವೋ ತಮಾಷೆಯೋ ಎಂದು ಸ್ವಾಮಿ ಅವನ ಮುಖ ನೋಡುತ್ತಾನೆ, ಆ ಮುಖದಲ್ಲಿ ಅವನಿಗೆ ಏನೂ ತಿಳಿಯುವುದಿಲ್ಲ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ. ಪುಸ್ತಕದಲ್ಲಿ ಲೇಖಕರು ಹಾಗೆಂದು ಬರೆದು ಕೈತೊಳೆದುಕೊಳ್ಳಬಹುದು. ರಂಗದಲ್ಲಿ ಒಬ್ಬ ಮನುಷ್ಯನಿಗೆ ಮುಖ ಇರುತ್ತದೆ, ಅವನು ಅದನ್ನು ಏನಾದರೂ ಮಾಡಲೇಬೇಕು. ಮಣಿಯ ಪಾತ್ರಧಾರಿ ‘ನಾನು ಸುಳ್ಳು ಹೇಳ್ತಾ ಇದೀನಾ ನಿಜ ಹೇಳ್ತಾ ಇದೀನಾ, ಹೇಳಿ ಸರ್’ ಎಂದು ದುಂಬಾಲು ಬಿದ್ದ. ಕೆಲವರು ಸುಳ್ಳು ಎಂದರು, ಅದರಿಂದ ಮಣಿ ದೊಡ್ಡವನಾಗುತ್ತಾನೆ, ಮೊದಲ ಸಲ ಗೆಳೆಯನಿಗಾಗಿ ಮೆತ್ತಗಾಗುತ್ತಾನೆ. ನಿಜ ಎಂದವರೂ ಇದ್ದರು. ನಾನು ಹೇಳಿದ್ದು, ನೀನೇ ಒಂದನ್ನು ಆರಿಸಿಕೋ, ಸ್ವಾಮಿ ಮಾಡುವವಳಿಗೂ ನನಗೂ ಹೇಳಬೇಡ, ಬೇಕಾದರೆ ಪ್ರದರ್ಶನದಿಂದ ಪ್ರದರ್ಶನಕ್ಕೆ ಬದಲಾಯಿಸು. ಇನ್ನೊಂದು ಷರತ್ತು: ಮುಖ ಮುಚ್ಚಿಡಲು ಹೋಗಬೇಡ, ಮನಸ್ಸಿನಲ್ಲಿ ತಿರುಚಿನಾಪಳ್ಳಿಯ ರೈಲು ಎಷ್ಟು ಗಂಟೆಗೆ ಮುಟ್ಟುತ್ತದೆ ಎಂದು ಲೆಕ್ಕ ಹಾಕು. ಅದು ಫಲಿಸಿತು. ಬೇರೆ ಏನನ್ನೋ ಗಂಭೀರವಾಗಿ ಲೆಕ್ಕ ಹಾಕುತ್ತಿರುವವನ ಮುಖ ಓದಲು ಬರುವುದಿಲ್ಲ.

ಈಗ ಕೆಲವರು ರಂಗಪಠ್ಯ ಕೊಡಿ ಎಂದು ಕೇಳುತ್ತಿದ್ದಾರೆ, ಅದಕ್ಕೊಂದು ಉತ್ತರ. ನಾರಾಯಣ್ ತೀರಿಕೊಂಡದ್ದು 2001ರಲ್ಲಿ. ನಮ್ಮ ಕಾನೂನಿನ ಪ್ರಕಾರ ಲೇಖಕರ ನಿಧನದ ನಂತರ ಅರವತ್ತು ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಅಂದರೆ 2061ರ ಕೊನೆಯವರೆಗೆ. ಹಕ್ಕುಸ್ವಾಮ್ಯ ಕಾಯಿದೆಯ 52ನೇ ಕಲಮಿನಲ್ಲಿ ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು ಆಡುವ ಪ್ರಯೋಗಕ್ಕೆ, ಆ ಸಂಸ್ಥೆಯವರೂ ವಿದ್ಯಾರ್ಥಿಗಳ ತಂದೆತಾಯಿಗಳೂ ನೋಡುವಷ್ಟರ ಮಟ್ಟಿಗೆ ವಿನಾಯಿತಿ ಇದೆ. ಟಿಕೆಟ್ ಮಾರಿ ಊರಿಗೆಲ್ಲ ತೋರಿಸುವುದು, ಪಠ್ಯ ಅಚ್ಚು ಹಾಕುವುದು, ವಿಡಿಯೊ ಮಾಡಿ ಜಾಲಕ್ಕೆ ಏರಿಸುವುದು, ಇವಕ್ಕೆಲ್ಲ ಹಕ್ಕುದಾರರ ಅನುಮತಿ ಬೇಕು. ನಾವು ಕ್ಯಾಂಪಸ್ಸಿನೊಳಗೇ ಆಡಿದೆವು, ಪಾಸು ಕೊಟ್ಟು ಕರೆದೆವು, ಪ್ರಾಯೋಜಕರ ಬ್ಯಾನರ್ ಕಟ್ಟಿಸಲಿಲ್ಲ. ವಿಡಿಯೊ ಇಲ್ಲ, ಕೇಳಬೇಡಿ. ಸಂಭಾಷಣೆ ಕೊಟ್ಟರೂ ಉಪಯೋಗವಿಲ್ಲ, ಅದು ಮಂಡ್ಯದ ಮಣಿಗೂ ಸಂಖ್ಯಾಶಾಸ್ತ್ರದ ಸ್ವಾಮಿಗೂ ಹೊಲಿದ ಅಂಗಿ. ದೃಶ್ಯಗಳ ಪಟ್ಟಿ ಮತ್ತು ಬೆಂಚಿನ ಅಳತೆ ಬೇಕಾದವರಿಗೆ ಖಂಡಿತ ಕಳಿಸುತ್ತೇನೆ. ಬೆಂಚಿನ ಕಾಲಿಗೆ ಅಡ್ಡಪಟ್ಟಿ ಹೊಡೆಸುವುದನ್ನು ಮಾತ್ರ ಮರೆಯಬೇಡಿ, ಇಪ್ಪತ್ತೆಂಟು ಅಂಗುಲದಲ್ಲಿ ಅದು ತೂಗುತ್ತದೆ.